ಫರ್ನೇಸ್ ಬಾಗಿಲಿನ ದೊಡ್ಡಣ್ಣ
ರಾಜಾಜಿನಗರದ ಟ್ರಾನ್ಸ್‌ಫಾರ್ಮರ್ ಶೆಡ್ಡಿನಲ್ಲಿ ಲೋಹ ಕಾಯಿಸುವ ಫರ್ನೇಸ್ ನೋಡಿಕೊಳ್ಳುವ ದೊಡ್ಡಣ್ಣನದು ಬಾಣಂತಿ ಕೋಣೆ ಕಾಯುವ ಅಜ್ಜಿಯ ಗತ್ತು. ಟ್ರಾನ್ಸ್‌ಫಾರ್ಮರಿನ ತಿರುಳಿಗೆಂದು ಈರುಳ್ಳಿ ಸಿಪ್ಪೆಯಂಥ ತೆಳು ಲೋಹದ ಪಟ್ಟಿಯನ್ನು ಬಳೆಯಂತೆ ಸುತ್ತಿದಾಗ ಅದರ ಮೈಯೊಳಗೆ ಬಿಗುವು ಕೂತುಬಿಡುತ್ತದೆ. ಬಿಗುವಿರುವ ತನಕ ಕಾಂತಶಕ್ತಿ ಸಲೀಸಾಗಿ ಹರಿಯದು. ಹದವಾಗಿ ಕಾಯಿಸಿ, ಮುಚ್ಚಿದ ಬಾಗಿಲೊಳಗೇ ಆರಲು ಬಿಟ್ಟರೆ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು ಮೂಡಿ ಬಿಗುವು ಸಡಿಲುತ್ತದೆ. ಮಾಲೀಕ ಸಿದ್ದೇಶ್ ಬಂದು, "ದೊಡ್ಡಣ್ಣ, ಪಾರ್ಟಿ ಕಾಯ್ತಾ ಇದಾರೆ, ತೆಗೀರಿ" ಎಂದರೆ ಬಾಗಿಲಿಗೆ ಅಡ್ಡ ನಿಂತು, "ಬೇಯೋವರ್ಗೂ ಇದ್ದೋರು ಆರೋವರ್ಗೂ ಇರಕ್ಕಾಗಲ್ವಾ ಸಾರ್? ಹೋಗಿ ಟೀ ಕುಡೀರಿ" ಎನ್ನುತ್ತಾನೆ. ಆರಿದ ಬಳೆ ಸುಟ್ಟ ಹಪ್ಪಳದಂತೆ, ತಗುಲಿದರೆ ಮುರಿದೀತು. ಅದನ್ನು ಎರಡೂ ಅಂಗೈಯಲ್ಲಿ ತಾನೇ ಎತ್ತುತ್ತಾನೆ, ಬೇರೆಯವರಿಗೆ ಮುಟ್ಟಗೊಡುವುದಿಲ್ಲ. ಹೋದ ಆಷಾಢದಲ್ಲಿ ಮಗಳು ಮಾಲಾ ಗಂಡನ ಮನೆಯಿಂದ ಬೆನ್ನ ತುಂಬ ಬಾಸುಂಡೆ ಹೊತ್ತು ಬಂದವಳು, ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಬೀಗರು ಬಂದು, "ಹುಡುಗೀನ ಕರೀರಿ, ಈಗ್ಲೇ ಕರ್ಕೊಂಡ್ ಹೋಗ್ತೀವಿ" ಎಂದಾಗ ದೊಡ್ಡಣ್ಣ ಆ ಬಾಗಿಲಿಗೆ ಬೆನ್ನು ಕೊಟ್ಟು ಕೂತ. "ಬೀಗ್ರೇ, ಅವಳಾಗಿ ತೆಗೆಯೋವರ್ಗೂ ಈ ಬಾಗಿಲು ತೆಗೆಯಲ್ಲ. ಟೀ ಕುಡ್ದು ಹೊರಡಿ."