ಸ್ಪೇನಿನಿಂದ ಹೆಣ್ಣು ನೋಡಲು ಬಂದವರು

ಕುದೇರಿನ ಭಾನು ಸ್ಪ್ಯಾನಿಷ್ ಕಲಿತದ್ದು ಆಸೆಪಟ್ಟೇನೂ ಅಲ್ಲ. ಅವಳಪ್ಪ ರಾಚಯ್ಯ ಗುಂಡ್ಲುಪೇಟೆ ಹತ್ತಿರದ ಒಂದು ದೊಡ್ಡ ವಸತಿ ಶಾಲೆಯಲ್ಲಿ ವ್ಯಾನ್ ಡ್ರೈವರ್. ನೌಕರರ ಮಕ್ಕಳಿಗೆ ಅಲ್ಲಿ ಓದು ಬಿಟ್ಟಿ. ಬಿಟ್ಟಿ ಓದುವವಳಿಗೆ ಇದೇ ಬೇಕು ಅದೇ ಬೇಕು ಅನ್ನುವ ಹಕ್ಕೆಲ್ಲಿ ಬಂತು? ಫ್ರೆಂಚ್ ಕ್ಲಾಸಿನ ಬೆಂಚು ತುಂಬಿತ್ತು, ಸ್ಪ್ಯಾನಿಷ್ ಕ್ಲಾಸಿನದು ಖಾಲಿ ಇತ್ತು, ಕೂರಿಸಿದರು. ಕೂತವಳು ಏಳಲಿಲ್ಲ ನೋಡಿ. ಹತ್ತನೆಯ ತರಗತಿ ಮುಗಿಯುವ ಹೊತ್ತಿಗೆ ಎಮ್ಮೆಗೆ ಹುಲ್ಲು ಹಾಕುವಾಗಲೂ ಅದೇ ಭಾಷೆಯಲ್ಲಿ ಗದರುವಷ್ಟು ಹುಚ್ಚು ಹತ್ತಿತ್ತು. ಎಮ್ಮೆ ಜಗ್ಗುತ್ತಿರಲಿಲ್ಲ. ಅದು ಕನ್ನಡಕ್ಕೂ ಜಗ್ಗುವ ಎಮ್ಮೆಯಲ್ಲ.

ಮುಂದಿನ ಎರಡು ವರ್ಷದ ಮೇಲ್ದರ್ಜೆಯ ಸ್ಪ್ಯಾನಿಷಿಗೆ ಮಾತ್ರ ಹಾಗೆ ಕೂರಿಸುವಂತಿರಲಿಲ್ಲ. ಸ್ಪೇನಿನಲ್ಲಿರುವ ಪಿಲಾರ್ ಮೇಡಂ ಕಂಪ್ಯೂಟರಿನಲ್ಲಿ ಮಾತಾಡಿಸಿ ಒಪ್ಪಿದರೆ ಸೀಟು, ಇಲ್ಲದಿದ್ದರೆ ಇಲ್ಲ. ಭಾನುವಿಗೆ ಆ ಸೀಟು ಬೇಕೇ ಬೇಕು. ಆದರೆ ಅವಳು ಬಾಯಿಪಾಠದಲ್ಲಿ ಹುಲಿ, ಮಾತುಕತೆಯಲ್ಲಿ ಇಲಿ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಬಗ್ಗೆ ಒಂದು ಭಾಷಣ ಉರು ಹೊಡೆದಿದ್ದಳು. ಸ್ಪ್ಯಾನಿಷ್ ಮೇಷ್ಟ್ರು ಮಹದೇವಪ್ರಸಾದ್ ನಡುವೆ ಒಮ್ಮೆ ‘ಅಲ್ಲಿ ಚಳಿ ಜಾಸ್ತಿಯಾ?’ ಎಂದು ಕೇಳಿದ್ದಕ್ಕೆ, ಪುಣ್ಯಾತ್ಗಿತ್ತಿ ಬೆಟ್ಟದ ಬುಡದಿಂದ ಮತ್ತೆ ಹತ್ತಲು ಶುರುಮಾಡಿದ್ದಳು.

“ಆ ಮೇಡಂ ನಿನ್ನ ಪಾಠ ಒಪ್ಪಿಸಿಕೊಳ್ಳಲ್ಲ ಭಾನು, ಮಾತಾಡಿಸ್ತಾರೆ. ಹೀಗೆ ಬಾಯಿ ಕಟ್ಟಿಹೋದ್ರೆ ಸೀಟು ಮರೆತುಬಿಡು,” ಎಂದಿದ್ದರು.

ಬೇಸಿಗೆ ರಜೆಯಲ್ಲಿ ಬಂದ ಪರೀಕ್ಷೆ ಮನೆಯಲ್ಲೇ ನಡೆಯಬೇಕಾಯಿತು. ಶಾಲೆಯವರು ಲ್ಯಾಪ್‌ಟಾಪ್ ಕೊಟ್ಟು ಕಳಿಸಿದರು. ಭಾನುವಿನ ಅವ್ವ ಸುಂದ್ರಮ್ಮ ಮನೆ ಸಾರಿಸಿ, ಪಕ್ಕದ ಮನೆಯ ಕುರ್ಚಿ ತಂದಳು. ಮೇಷ್ಟ್ರು ಫೋನಿನಲ್ಲಿ ಹೇಳಿದ್ದನ್ನು ರಾಚಯ್ಯ ಎಲ್ಲರಿಗೂ ಒಪ್ಪಿಸಿದ. “ಮಗಿಗೆ ಒಳ್ಳೆ ಬಟ್ಟೆ ಆಕ್ಸಿ. ಮನೆತನ, ಊಟ, ಅಭ್ಯಾಸ ಎಲ್ಲಾ ಕೇಳ್ತರಂತೆ. ಒಪ್ಪಿದ್ರೆ ಒಂದ್ ವಾರದಲ್ಲಿ ತಿಳಿಸ್ತರಂತೆ.”

ರಾಚಯ್ಯನ ತಾಯಿ ಪುಟ್ಟಮಾದಮ್ಮ ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಾ ಇದನ್ನೆಲ್ಲ ಕೇಳಿಸಿಕೊಂಡಳು. ಇಂಥ ಪರೀಕ್ಷೆ ಅವಳು ಎಷ್ಟು ನೋಡಿಲ್ಲ!

“ಇದ್ಯಾವ್ ಪರೀಕ್ಸೆನ್ಲಾ ರಾಚಾ? ಎಣ್ ನೋಡೋ ಸಾಸ್ತ್ರ ಅನ್ನು.”

“ಅಯ್ಯೋ, ಇಸ್ಕೂಲ್ ಪರೀಕ್ಸೆ ಕಣವ್ವ.”

“ಇಸ್ಕೂಲ್ನೋರು ಮನೆಗ್ ಬಂದು ಮುದ್ದೆ ಇಸ್ಯ ಕೇಳರೇನ್ಲಾ?”

ರಾಚಯ್ಯ ನಕ್ಕು ಒಳಗೆ ಹೋದ. ಮುದುಕಿ ನಂಬಲಿಲ್ಲ. ಕದ್ದು ಮದುವೆ ಮಾಡುವವರು ಎಲ್ಲಿಯಾದರೂ ಮದುವೆ ಅಂತ ಬಾಯಿಬಿಟ್ಟು ಹೇಳುತ್ತಾರೆಯೇ?

ಸಂಜೆ ಪರೀಕ್ಷೆಯ ಹೊತ್ತಿಗೆ ಲ್ಯಾಪ್‌ಟಾಪಿಗೆ ನೆಟ್ ಕೊಡಲು ರಾಚಯ್ಯ ಫೋನು ಹಿಡಿದು ಮಾಳಿಗೆಯ ಮೇಲೆ ನಿಂತ. ಕದಲಿದರೆ ಕೆಳಗೆ ಮೇಡಂ ಮಾಯ. ಬೀದಿಯ ಸದ್ದು ಅಡಗಿಸಲು ಸುಂದ್ರಮ್ಮ ಹೊರಗೆ ನಿಂತಳು. ಒಳಗೆ ಅಜ್ಜಿಯನ್ನು ಕಾಯುವವರು ಯಾರೂ ಉಳಿಯಲಿಲ್ಲ.

ಪರದೆಯ ಮೇಲೆ ಬಿಳಿಕೂದಲಿನ ಪಿಲಾರ್ ಮೇಡಂ ಕಾಣಿಸಿಕೊಂಡು ನಮಸ್ಕಾರ ಹೇಳಿದರು. ಭಾನು ಸರಾಗವಾಗಿ ಬೆಟ್ಟ ಹತ್ತತೊಡಗಿದಳು. ಅರ್ಧ ದಾರಿಗೆ ಬಂದಿರಬೇಕು, ಅಡುಗೆಮನೆ ಬಾಗಿಲಿನಿಂದ ದನಿ ಬಂತು.

“ತಾಯಿ, ಈ ಉಡ್ಗಿಗೆ ಮುದ್ದೆ ತಿರ್ವೋಕ್ ಬರದಿಲ್ಲ. ಮೊದ್ಲೇ ಯೋಳ್ಬುಟ್ಟೆ.”

ಭಾನುವಿಗೆ ದಾರಿ ತಪ್ಪಿತು. ಎಲ್ಲಿದ್ದೆ? ದೇವಸ್ಥಾನದಲ್ಲೋ, ಆನೆಗಳ ಹತ್ತಿರವೋ? ಮತ್ತೆ ಮೊದಲಿನಿಂದ ಶುರುಮಾಡಿದಳು. ಮೇಡಂ ಕೈಯೆತ್ತಿ ತಡೆದರು.

“ಬೆಟ್ಟ ಇರಲಿ. ಯಾರವರು? ಏನು ಹೇಳಿದರು?”

ಆಯಿತು, ಸೀಟು ಹೋಯಿತು ಅಂದುಕೊಂಡಳು ಭಾನು. ಕಣ್ಣಲ್ಲಿ ನೀರಾಡಿತು. ಅಷ್ಟರಲ್ಲಿ ಅಜ್ಜಿ ಇನ್ನೊಂದು ಒಗೆದಳು. “ಒತ್ ಉಟ್ಟಿ ನೆತ್ತಿಗ್ ಬಂದ್ರೂ ಏಳಲ್ಲ. ಗೊರ್ಕೆ ಬೇರೆ.”

ಅಪವಾದ ಅಂದರೆ ಯಾರಿಗೆ ಮೈ ಉರಿಯದು? ಭಾನುವಿಗೆ ಸಿಟ್ಟು ನೆತ್ತಿಗೇರಿತು, ಸಿಟ್ಟಿನ ಜೊತೆಗೆ ಸ್ಪ್ಯಾನಿಷೂ ಬಂತು. “ನಮ್ಮಜ್ಜಿ. ನನಗೆ ಮುದ್ದೆ ಮಾಡಲು ಬರುವುದಿಲ್ಲವಂತೆ. ಸುಳ್ಳು! ಗೊರಕೆ ಹೊಡೆಯುತ್ತೇನಂತೆ. ಅದೂ ಸುಳ್ಳು, ಹೊಡೆಯುವವಳು ಅವಳೇ!” ಮುದ್ದೆ ಎಂದರೇನು ಎಂದು ಮೇಡಂ ಕೇಳಿದರು. ರಾಗಿಹಿಟ್ಟು, ಕುದಿನೀರು, ಕೋಲು, ಅಗಿಯದೆ ನುಂಗುವ ಬಗೆ, ಎಲ್ಲವನ್ನೂ ಭಾನು ಕೈಯಲ್ಲಿ ಮಾಡಿ ತೋರಿಸುತ್ತಾ ವಿವರಿಸಿದಳು. ಇದ್ಯಾವುದನ್ನೂ ಅವಳು ಉರು ಹೊಡೆದಿರಲಿಲ್ಲ. ಮೇಡಂ ನಕ್ಕರು.

“ಸರಿ, ಆಕೆ ಯಾಕೆ ಹೀಗೆಲ್ಲ ಹೇಳುತ್ತಿದ್ದಾರೆ? ಕೇಳು.”

ಭಾನು ತಿರುಗಿ ಹಲ್ಲು ಕಚ್ಚಿದಳು. “ಯಾಕಜ್ಜಿ ಇಂಗ್ ಮಾನ ಕಳೀತಿದ್ದೀಯೆ?”

“ಅವ್ರು ನಿನ್ನ ಒಪ್ಬಾರ್ದು ಕಣಮ್ಮಿ, ಅದ್ಕೇ.” ಮುದುಕಿ ಸೆರಗು ಹಿಂಡಿದಳು. “ನನ್ನ ನೋಡಕ್ ಬಂದಾಗ ನಂಗಿನ್ನೂ ಆಡೋ ವಯ್ಸು. ನಮ್ಮವ್ವ ಇಂಗೇ ಬಾಗ್ಲಲ್ಲಿ ನಿಂತಿದ್ಲು. ಒಂದ್ ಮಾತೂ ಆಡ್ನಿಲ್ಲ. ನಾನಾದ್ರೂ ಆಡ್ಬ್ಯಾಡ್ವಾ? ನೀನು ಓದ್ಬೇಕು.”

ಭಾನುವಿಗೆ ದುಃಖ ಒತ್ತರಿಸಿ ಬಂತು. ಈ ಮಾತನ್ನು ಸ್ಪ್ಯಾನಿಷಿನಲ್ಲಿ ಹೇಳುವಾಗ ಅವಳು ತಪ್ಪಿನ ಮೇಲೆ ತಪ್ಪು ಮಾಡಿದಳು, ಆದರೆ ಎಲ್ಲೂ ನಿಲ್ಲಲಿಲ್ಲ. ಪಿಲಾರ್ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು.

“ನನಗೆ ಗಂಡುಮಕ್ಕಳೇ ಇಲ್ಲ, ನಾನು ಬರೀ ಮೇಷ್ಟ್ರು ಎಂದು ಹೇಳು. ಓದಿಸುವುದಕ್ಕೇ ನೋಡಲು ಬಂದದ್ದು ಎಂದೂ ಹೇಳು.”

“ನನ್ನ ಭಾಷಣ ಇನ್ನೂ ಮುಗಿದಿಲ್ಲ ಮೇಡಂ,” ಎಂದಳು ಭಾನು ಗಾಬರಿಯಲ್ಲಿ.

“ಹೊತ್ತು ಮುಗಿಯಿತು. ವಾರ ಕಾಯುವುದೇನೂ ಬೇಡ. ನಿನ್ನ ಸೀಟು ನಿನಗೆ.”

ಭಾನು ಅಳುತ್ತಾ ನಗುತ್ತಾ ಅಜ್ಜಿಗೆ ವಿಷಯ ತಿಳಿಸಿದಳು. ಪುಟ್ಟಮಾದಮ್ಮ ಕುರ್ಚಿಯ ಪಕ್ಕಕ್ಕೆ ಓಡಿಬಂದು ಪರದೆಗೆ ಕೈಮುಗಿದಳು.

“ಅಂಗಾದ್ರೆ ನಾನ್ ಯೋಳಿದ್ದೆಲ್ಲ ಸುಳ್ಳು ಅನ್ನು. ನಮ್ಮುಡ್ಗಿ ಬಂಗಾರ. ಈ ಕೇರಿಲೇ ಇಂತಾ ಉಡ್ಗಿ ಇಲ್ಲ ಅನ್ನು. ಯೋಳಮ್ಮಿ, ಯೋಳು.”

ಮೇಡಂ ಕಿವಿಗೊಟ್ಟು ಕಾದರು. ಅಜ್ಜಿ ತನ್ನನ್ನು ಬೈದದ್ದನ್ನೆಲ್ಲ ಒಂದೂ ಬಿಡದೆ ಹೇಳಿ ಮುಗಿಸಿದ್ದ ಭಾನುವಿಗೆ ಈ ಹೊಗಳಿಕೆಗೆ ಮಾತ್ರ ಬಾಯೇ ಬರಲಿಲ್ಲ.