ಬೆನ್ನಿಗೆ ಹಾಕುವ ಮಷಿನ್ನು

ಯಜಮಾನರ ಎಡಗಿವಿಯ ತೂತಿನಲ್ಲಿ ಒಂಟಿಯ ಬದಲು ಬೇವಿನ ಕಡ್ಡಿ ಇರುತ್ತಿತ್ತು. ಚಿನ್ನದ ಒಂಟಿ ತೋಟದಲ್ಲೆಲ್ಲೋ ಬಿದ್ದುಹೋಗಿ ವರ್ಷಗಳಾಗಿದ್ದವು. ತೂತು ಮುಚ್ಚದಿರಲಿ ಅಂತ ಕಡ್ಡಿ. ಹೊಸದು ಮಾಡಿಸಿಕೊಳ್ಳಿ ಎಂದರೆ, "ಇರ್ಲಿ ಬಿಡಿ ಕಂಡಕ್ಟ್ರೇ, ಸಿಕ್ಕಿದ್ರೂ ಸಿಗಬೌದು" ಎನ್ನುತ್ತಿದ್ದರು. ಮಾದಿಹಳ್ಳಿಯಲ್ಲಿ ನಮ್ಮ ಪಕ್ಕದ ತೆಂಗಿನ ತೋಟ ಅವರದು. ಹಳೇಬೀಡಿನ ಬಸದಿಗೆ ನಡೆದುಕೊಳ್ಳುವ ಜೈನರು. ಮನೆಯಲ್ಲಿ ತಮ್ಮ, ತಮ್ಮನ ಹೆಂಡತಿ, ಮಕ್ಕಳು ಎಂದು ಗಿಜಿಗಿಜಿ ಜನ. ನಾನು ಅವರನ್ನು ಯಜಮಾನರೇ ಎನ್ನುತ್ತಿದ್ದೆ.

ನಾನು ಕಂಡಕ್ಟರ್ ಕೆಲಸದಿಂದ ನಿವೃತ್ತನಾದ ಮೇಲೆ ಹೆಂಡತಿ ಹೋಗಿಬಿಟ್ಟಳು. ಜೀವಮಾನವೆಲ್ಲ ಜನರ ನಡುವೆ ನುಗ್ಗಿಕೊಂಡು ಓಡಾಡಿದ ನನಗೆ ಒಬ್ಬರ ಮುಖವೂ ಬೇಡವಾಯಿತು. ಬಾಗಿಲು ತೆಗೆಯುತ್ತಿರಲಿಲ್ಲ, ಒಲೆ ಹಚ್ಚುತ್ತಿರಲಿಲ್ಲ. ಅವಳ ಹಿಂದೆಯೇ ಹೋದರೆ ಸಾಕು ಅನ್ನಿಸುತ್ತಿತ್ತು. ಅಂಥದರಲ್ಲಿ ಒಂದು ಬೆಳಿಗ್ಗೆ ಯಜಮಾನರು ಬಾಗಿಲು ಬಡಿದರು.

"ಏಳ್ರೀ, ಅರಸೀಕೆರೆಗೆ ಹೋಗಿ ಹುಲ್ಲು ಹೊಡೆಯೋ ಮಷಿನ್ ತರಣ. ಬಿದ್ದ ಕಾಯಿ ಕಾಣ್ದಂಗೆ ಹುಲ್ಲು ಬೆಳ್ಕಂಡೈತೆ."

ನಾನ್ಯಾಕೆ ಎಂದರೆ, ತಮಗೆ ಬಸ್ಸು ಗೊತ್ತಾಗಲ್ಲ ಎಂದರು. ಎಂಥಾ ಸುಳ್ಳು! ನನ್ನ ಬಸ್ಸಿನಲ್ಲೇ ಎಷ್ಟು ಸಲ ಹೋಗಿಬಂದಿದ್ದರೋ.

ಅಂಗಡಿಯಲ್ಲಿ ಅವರ ಪರೀಕ್ಷೆ ನೋಡಬೇಕಿತ್ತು. ಹೆಣ್ಣು ನೋಡಲು ಹೋದವರೂ ಅಷ್ಟು ವಿಚಾರಿಸುವುದಿಲ್ಲ. ಮಣ್ಣು ಮಗುಚಿ ಕಳೆ ತೆಗೆಯುವ ಮಷಿನ್ ತೋರಿಸಿದರೆ, "ಬ್ಯಾಡ, ಒಳಗಿರೋ ಹುಳ ಸಾಯ್ತವೆ" ಎಂದು ಹಿಂದೆ ಸರಿದರು. ಆಮೇಲೆ ಹೆಗಲಿಗೆ ನೇತುಹಾಕುವುದು ಬಂತು. ತೂಗಿ ನೋಡಿದರು, ಸ್ಟಾರ್ಟ್ ಮಾಡುವ ಹಗ್ಗ ಎಳೆದರು, ಕೈ ಜೋಮು ಹಿಡಿಯುತ್ತದೋ ಎಂದು ಓಡಿಸಿಕೊಂಡು ನಿಂತರು, ಬ್ಲೇಡು ನೆಲದಿಂದ ಎಷ್ಟು ಮೇಲಿರುತ್ತದೆಂದು ಬಗ್ಗಿ ನೋಡಿದರು. ಎಲ್ಲ ಸರಿಯಾಗಿತ್ತು.

"ಇದನ್ನ ಒಬ್ರೇ ಆರಾಮಾಗಿ ಹಾಕ್ಕೋಬೌದು" ಎಂದ ಅಂಗಡಿಯವನು.

ಇವರು ಅದನ್ನು ಕೆಳಗಿಟ್ಟು, ಮೂಲೆಯಲ್ಲಿದ್ದ ದೊಡ್ಡದನ್ನು ತೋರಿಸಿದರು. "ಅದು?"

"ಅದು ಬೆನ್ನಿಗೆ ಹಾಕ್ಕೊಳ್ಳೋದು. ಎತ್ತಿ ಏರ್ಸಕ್ಕೆ ಇನ್ನೊಬ್ರು ಬೇಕಾಗ್ತದೆ."

"ಅದನ್ನೇ ಕೊಡಿ."

ವಾಪಸು ಬರುವಾಗ ದಾರಿಯುದ್ದಕ್ಕೂ ಬೈದೆ. "ತಲೆಗಿಲೆ ಕೆಟ್ಟೈತೇನ್ರೀ ನಿಮ್ಗೆ? ಹಗುರದ್ದು ಬಿಟ್ಟು ಈ ಹೆಣಭಾರ ತಗಂಡ್ರಲ್ಲ, ದಿನಾ ಯಾರ್ರೀ ಎತ್ಕೊಡ್ತಾರೆ?"

"ನೀವಿಲ್ವಾ?" ಎಂದು ಕಿಟಕಿಯಾಚೆ ನೋಡುತ್ತ ಕೂತರು.

ನನ್ನ ಕರ್ಮ! ಬೆಳಗಾದರೆ ಬೇಲಿಯಾಚೆಯಿಂದ "ಕಂಡಕ್ಟ್ರೇ, ರೈಟ್ ರೈಟ್!" ಎಂಬ ಕೂಗು. ಗೊಣಗಿಕೊಂಡು ಹೋಗಿ ಎತ್ತಿ ಏರಿಸುತ್ತಿದ್ದೆ. ಅಷ್ಟಕ್ಕೇ ಬಿಡುತ್ತಿರಲಿಲ್ಲ ಮಹಾರಾಯರು. ನನ್ನ ಕೈಗೊಂದು ಕೋಲು ಕೊಟ್ಟು ಮುಂದೆ ಹುಲ್ಲು ಬಡಿಸುತ್ತಿದ್ದರು. ಕಪ್ಪೆ, ಓತಿಕ್ಯಾತಗಳೆಲ್ಲ ಜಾಗ ಬಿಡುವ ತನಕ "ಹೋಗ್ರಪ್ಪಾ, ಹೋಗಿ" ಎನ್ನುತ್ತ ಕಾಯುತ್ತಿದ್ದರು. ಹೊತ್ತು ಮುಳುಗುವ ಮುಂಚೆಯೇ ಅವರ ರಾತ್ರಿಯೂಟ. ನನಗೂ ಒಂದು ತಟ್ಟೆ ಹಾಕುತ್ತಿದ್ದರು. ಬೆಳ್ಳುಳ್ಳಿ ಇಲ್ಲದ ಸಾರು ಒಂದು ಸಾರೇನ್ರೀ ಎಂದು ರೇಗಿಸುತ್ತಲೇ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದೆ.

ಹೋದ ಚಳಿಗಾಲದಲ್ಲಿ, ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಕೆಲವು ದಿನ ಕಳೆದ ಮೇಲೆ ಬೇಲಿಯಾಚೆ ಮಷಿನ್ ಹೊರಗೆ ತೆಗೆಯುವ ಸದ್ದಾಯಿತು. ಕೂಗು ಬರಲಿಲ್ಲ, ನಾನೇ ಎದ್ದು ಹೋದೆ. ಅವರ ತಮ್ಮ ಮಷಿನ್ನನ್ನು ಬಾವಿಕಟ್ಟೆಯ ಮೇಲಿಟ್ಟು, ಅದಕ್ಕೆ ಬೆನ್ನು ಮಾಡಿ ನಿಂತು, ಪಟ್ಟಿಯೊಳಗೆ ತೋಳು ತೂರಿಸಿ, ಹಾಗೇ ಮುಂದಕ್ಕೆ ನಡೆದರು.

"ಎತ್ಕೊಡಣ ಅಂತ ಬಂದೆ" ಎಂದೆ.

"ಬ್ಯಾಡ ಬಿಡಿ ಕಂಡಕ್ಟ್ರೇ, ಕಟ್ಟೆ ಐತಲ್ಲ. ನೀವು ಊರಲ್ಲಿ ಇಲ್ದಾಗ ಅಣ್ಣನೂ ಹಿಂಗೇ ಹಾಕ್ಕಂತಿದ್ದ."

ಎಂಥಾ ಮೋಸ ಮಾಡಿದಿರಿ ಯಜಮಾನರೇ ಎಂದು ಬೈಯಬೇಕೆನ್ನಿಸಿತು. ಬೈಸಿಕೊಳ್ಳುವವರೇ ಇರಲಿಲ್ಲ. ಅಲ್ಲೇ ಕಟ್ಟೆಯ ಮೇಲೆ ಕೂತು, ಮಷಿನ್ನಿನ ಸದ್ದಿನಲ್ಲಿ ಯಾರಿಗೂ ಕೇಳಿಸದು ಎಂದುಕೊಂಡು, ಜೋರಾಗಿ ಅತ್ತೆ.