ಎಲ್ಲರಿಗೂ ಹದಿನೆಂಟು

ನಾನು ಮೂವತ್ತು ವರ್ಷ ನರ್ಸ್ ಆಗಿದ್ದವಳು. ಚನ್ನರಾಯಪಟ್ಟಣದ ಕಡೆ, ಅರಕಲಗೂಡು ಕಡೆ ಎಂದು ವರ್ಗವಾದಲ್ಲೆಲ್ಲ ನನ್ನ ಕೋಪದ ಸುದ್ದಿ ನನಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು. ಬಿಸಿಲಲ್ಲಿ ನಡೆದು ಬಂದವರು ನೇರವಾಗಿ ಬಿ.ಪಿ.ಗೆ ತೋಳು ಚಾಚಿದರೆ, "ಮೊದ್ಲು ಆ ಬೆಂಚಿನ ಮೇಲೆ ಹತ್ತು ನಿಮಿಷ ಬಾಯ್ಮುಚ್ಕೊಂಡು ಕೂತ್ಕೊಳ್ಳಿ" ಎಂದು ಗದರುತ್ತಿದ್ದೆ. "ಬಸ್ ಒಂಟೋಯ್ತದೆ ಕಣಕ್ಕ" ಎಂದು ಗೋಗರೆದರೂ ಬಿಡುತ್ತಿರಲಿಲ್ಲ. ಜ್ವರ, ನಾಡಿ, ಬಿ.ಪಿ. ಮೂರರಲ್ಲೂ ನಾನು ಬಲು ಕಟ್ಟುನಿಟ್ಟು.

ನಾಲ್ಕನೆಯದು ಉಸಿರು. ಎಣಿಸುತ್ತಿದ್ದೇವೆಂದು ಗೊತ್ತಾದರೆ ಸಾಕು, ರೋಗಿಯ ಉಸಿರು ತಾನಾಗಿ ಬದಲಾಗುತ್ತದೆ. ಅದಕ್ಕೇ ನಾಡಿ ನೋಡುವವರ ಹಾಗೆ ಕೈ ಹಿಡಿದುಕೊಂಡು, ಒಂದು ನಿಮಿಷ ಪೂರ್ತಿ ಎದೆಯ ಏರಿಳಿತ ನೋಡಬೇಕು. ಹೊರಗೆ ನಲವತ್ತು ಜನ ಕಾಯುತ್ತಿರುವಾಗ ಆ ಒಂದು ನಿಮಿಷ ಯಾರಿಗಿದೆ? ಇಪ್ಪತ್ತು ದಾಟದಿದ್ದರೆ ನಾರ್ಮಲ್ ಎಂದು ಲೆಕ್ಕ; ಹದಿನೆಂಟು ಎಂದು ಬರೆದುಬಿಡುತ್ತಿದ್ದೆ. ಮುದುಕರಿಗೂ ಹದಿನೆಂಟು, ಬಸುರಿಯರಿಗೂ ಹದಿನೆಂಟು. ಯಾವ ಡಾಕ್ಟರೂ ಕೇಳಲಿಲ್ಲ.

ನಿವೃತ್ತಳಾದ ಮರುವರ್ಷ ಅತ್ತೆಗೆ ಜ್ವರ, ಕೆಮ್ಮು ಬಂತು. ಗೊರೂರಿನ ಹೆಣ್ಣುಮಗಳು, ನನ್ನ ಕೋಪಕ್ಕೆ ಕವಡೆ ಕಿಮ್ಮತ್ತು ಕೊಡದ ಒಬ್ಬರೇ ಒಬ್ಬರು. ಹಾಸನದ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದೆವು. ಎರಡು ದಿನಕ್ಕೆ ಜ್ವರ ಇಳಿಯಿತು. ಮೂರನೆಯ ದಿನ ಬೆಳಿಗ್ಗೆ ಡಾಕ್ಟರು ಚಾರ್ಟ್ ನೋಡಿ, "ಎಲ್ಲ ನಾರ್ಮಲ್. ಮಧ್ಯಾಹ್ನ ಮನೆಗೆ ಕರ್ಕೊಂಡು ಹೋಗಿ" ಎಂದರು.

ನಾನು ಬ್ಯಾಗಿಗೆ ಸೀರೆ ತುಂಬುತ್ತಿದ್ದೆ. ಅತ್ತೆ ಹಾಸಿಗೆಯಿಂದಲೇ ಅಪ್ಪಣೆ ಕೊಡುತ್ತಿದ್ದರು.

"ಮನೆಗೋಗ್ತಲೇ... ಒಸಿ ಬಸ್ಸಾರು ಮಾಡವ್ವ... ಇಲ್ಲೀದ್ ತಿಂದು ತಿಂದು... ನಾಲ್ಗೆ ಕೆಟ್ಟೋಗದೆ."

ಇಷ್ಟು ಮಾತಿಗೆ ಮೂರು ಕಡೆ ನಿಲ್ಲುವ ಹೆಂಗಸಲ್ಲ ಅವರು. ಪಕ್ಕದಲ್ಲಿ ಕೂತು ಕೈ ಹಿಡಿದೆ. ಗೋಡೆಯ ಗಡಿಯಾರ ನೋಡುತ್ತ ಎಣಿಸಿದೆ. ಮೂವತ್ತನಾಲ್ಕು. ನಂಬಿಕೆ ಬರದೆ ಇನ್ನೊಂದು ನಿಮಿಷ ಎಣಿಸಿದೆ. ಮತ್ತೆ ಮೂವತ್ತನಾಲ್ಕೇ.

"ಏನವ್ವ, ಇವತ್ತು... ಕೈಯೇ ಬುಡ್ತಿಲ್ವಲ್ಲ, ಅಷ್ಟೊಂದ್ ಪಿರೂತಿ ಬಂದ್ಬುಡ್ತಾ?" ಎಂದು ನಕ್ಕರು. ಮನೆಗೆ ಕರೆದುಕೊಂಡು ಹೋಗಿದ್ದರೆ ಗತಿ ಏನು?

ಮಂಚಕ್ಕೆ ತೂಗುಹಾಕಿದ್ದ ಚಾರ್ಟ್ ಕಿತ್ತುಕೊಂಡು ಉಸಿರಿನ ಸಾಲು ಓದಿದೆ. ಮೂರೂ ದಿನ, ಹೊತ್ತು ಹೊತ್ತಿಗೂ ಹದಿನೆಂಟು. ಮೈಯೆಲ್ಲ ಉರಿದುಹೋಯಿತು. ನರ್ಸುಗಳ ಮೇಜಿನ ಮೇಲೆ ಅದನ್ನು ಕುಕ್ಕಿ, "ಯಾರಮ್ಮ ಇದನ್ನ ಬರೆದೋರು? ಒಳಗೆ ಮಲಗಿರೋದು ಮನುಷ್ಯರೋ ಮರದ ದಿಮ್ಮಿಯೋ?" ಎಂದು ವಾರ್ಡೆಲ್ಲ ಕೇಳುವಂತೆ ಕೂಗಾಡಿದೆ.

ತೆಳ್ಳಗಿನ ಒಬ್ಬ ನರ್ಸ್ ಎದ್ದು ನಿಂತಳು. ಓಡಿಹೋಗಿ ಡಾಕ್ಟರನ್ನು ಕರೆದಳು. ಅತ್ತೆಗೆ ಆಕ್ಸಿಜನ್ ಹಾಕಿದರು. ಎಕ್ಸ್‌ರೇ ತೆಗೆದರೆ ಒಂದು ಕಡೆ ಶ್ವಾಸಕೋಶದ ಸುತ್ತ ನೀರು ತುಂಬಿತ್ತು. ಸಂಜೆಯೊಳಗೆ ಅದನ್ನು ತೆಗೆದರು. ಆಮೇಲೆ ಅತ್ತೆ ಉಸಿರಿಗಾಗಿ ಎಲ್ಲೂ ನಿಲ್ಲಿಸದೆ ಡಾಕ್ಟರಿಗೆ ಎರಡು ಬೈದರು. ದೇವರೇ, ಆ ಬೈಗುಳ ಕೇಳಿ ನನಗೆ ಎಷ್ಟು ಸಂತೋಷವಾಯಿತು!

ಅಷ್ಟು ಹೊತ್ತಿಗೆ ಆ ನರ್ಸ್ ಬಾಗಿಲಲ್ಲಿ ಬಂದು ನಿಂತಳು. ಕಣ್ಣು ಕೆಂಪಾಗಿತ್ತು.

"ತಪ್ಪಾಯ್ತು ಮೇಡಂ. ನಿಮಗೆ ನನ್ನ ಗುರ್ತು ಸಿಗಲಿಲ್ಲ. ಟ್ರೈನಿಂಗಲ್ಲಿ ನಾನು ನಿಮ್ಮ ಹತ್ರಾನೇ ಇದ್ದೆ."

ನಾನು ಮುಖ ನೋಡಿದೆ. ನೆನಪಾಗಲಿಲ್ಲ.

"ಮೊದಲನೇ ದಿನ ಒಬ್ಬೊಬ್ರುದೂ ಒಂದೊಂದು ನಿಮಿಷ ಎಣಿಸ್ತಾ ಕೂತಿದ್ದೆ. ಎಲ್ರ ಮುಂದೆ ಬೈದ್ರಿ. ಉಸಿರಿಗೆ ಹದಿನೆಂಟು ಹಾಕ್ಕೊಂಡು ಮುಂದಕ್ಕೆ ಹೋಗು ಅಂದ್ರಿ."

ಮೂವತ್ತು ವರ್ಷದಲ್ಲಿ ಯಾರ ಮುಂದೆಯೂ ಬಗ್ಗದ ತಲೆ ಬಗ್ಗಿತು. "ತಪ್ಪು ನಿಂದಲ್ಲ ಕಣಮ್ಮ, ನಂದು" ಎಂದೆ. ಸ್ಟೂಲ್ ಎಳೆದು ಅವಳನ್ನು ಕೂರಿಸಿದೆ. ಅತ್ತೆಯ ಒಂದು ಕೈ ಅವಳು, ಒಂದು ಕೈ ನಾನು ಹಿಡಿದೆವು.

"ಎಲ್ಡೂ ಕೈ ಇಡ್ಕಂಡ್ರೆ ನಾನು ಎಲೆಅಡ್ಕೆ ಎಂಗಾಕ್ಕಳದು?" ಎಂದರು ಅತ್ತೆ.

ಇಬ್ಬರೂ ಮನಸ್ಸಿನಲ್ಲೇ ಎಣಿಸಿದೆವು. ನಿಮಿಷ ಮುಗಿದ ಮೇಲೆ ಅವಳು ನನ್ನ ಮುಖ ನೋಡಿದಳು. "ನಿನಗೆ ಎಷ್ಟು ಬಂತೋ ಅಷ್ಟು ಬರಿ" ಎಂದೆ. ಅವಳು ಇಪ್ಪತ್ತೆರಡು ಎಂದು ಬರೆದಳು.